ಚಿರೆಕಲ್ಲಿನ ಗೋಡೆಯಲ್ಲಿ ಬಿಳಿ ಉಪ್ಪು: ಕಾರಣ ಹುಡುಕಿ, ಉಪ್ಪು ತೆಗೆದು, ಗೋಡೆ ಉಳಿಸಿಕೊಳ್ಳುವ ಕ್ರಮ

"ಚೌತಿಗೆ ಬಣ್ಣ ಹೊಡೆಸಿದ್ದೆವು. ಸಂಕ್ರಾಂತಿ ಹೊತ್ತಿಗೆ ನೆಲದಿಂದ ಮೂರಡಿ ಎತ್ತರದವರೆಗೆ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ಯಾವ ಪೇಂಟ್ ಹಚ್ಚಿದರೆ ನಿಲ್ಲುತ್ತದೆ?" ಕಾರವಾರದಿಂದ ಭಟ್ಕಳದವರೆಗಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಶಿರಸಿ, ಸಿದ್ದಾಪುರ ಕಡೆಯಿಂದಲೂ ಬರುತ್ತದೆ, ಆದರೆ ಅಲ್ಲಿ ಉಪ್ಪಿನ ಮೂಲ ಬೇರೆ. ನೇರ ಉತ್ತರ ಇಷ್ಟೇ: ಯಾವ ಪೇಂಟೂ ಇದನ್ನು ನಿಲ್ಲಿಸುವುದಿಲ್ಲ. ಗಟ್ಟಿ ಪದರದ ದುಬಾರಿ ಪೇಂಟ್ ಹಚ್ಚಿದಷ್ಟೂ ಗೋಡೆ ಬೇಗ ಹಾಳಾಗುತ್ತದೆ. ನೀರಿನ ದಾರಿ ಕಡಿಯಬೇಕು, ಗೋಡೆಯೊಳಗೆ ಈಗಾಗಲೇ ಸೇರಿರುವ ಉಪ್ಪನ್ನು ತೆಗೆಯಬೇಕು, ಆಮೇಲೆ ಉಸಿರಾಡುವ, ಅಂದರೆ ತೇವವನ್ನು ಹೊರಬಿಡುವ, ಪ್ಲಾಸ್ಟರ್ ಮತ್ತು ಸುಣ್ಣ. ಈ ಅನುಕ್ರಮ ತಪ್ಪಿದರೆ ಖರ್ಚು ಮಾಡಿದ್ದೆಲ್ಲ ನೀರುಪಾಲು.

ಗೋಡೆಯೊಳಗೆ ಏನಾಗುತ್ತದೆ

ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ, ತೂತು ತೂತಾದ ಕಲ್ಲು. ನೆಲದ ತೇವವನ್ನು ಅದು ದೀಪದ ಬತ್ತಿ ಎಣ್ಣೆ ಹೀರುವಂತೆ ಮೇಲಕ್ಕೆಳೆಯುತ್ತದೆ. ಸಾಮಾನ್ಯವಾಗಿ ಈ ತೇವ ಏರುವುದು ಒಂದು ಮೀಟರಿನವರೆಗೆ. ಗೋಡೆಯ ಎರಡೂ ಬದಿ ಸಿಮೆಂಟಿನಿಂದ ಮುಚ್ಚಿದ್ದರೆ ಇನ್ನೂ ಮೇಲೆ ಹೋಗುತ್ತದೆ. ನೀರಿನ ಜೊತೆ ಅದರಲ್ಲಿ ಕರಗಿದ ಲವಣಗಳೂ ಏರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಉಳಿದು ಹರಳುಗಟ್ಟುತ್ತದೆ.

ಹರಳು ಮೇಲ್ಮೈಯಲ್ಲಿ ಕಟ್ಟಿದರೆ ಬಿಳಿ ಪುಡಿ ಕಾಣುತ್ತದೆ. ನೋಡಲು ಅಸಹ್ಯ, ಆದರೆ ಗೋಡೆಗೆ ಅಷ್ಟು ಅಪಾಯವಿಲ್ಲ. ಪ್ಲಾಸ್ಟರಿನ ಹಿಂದೆ ಅಥವಾ ಪೇಂಟಿನ ಹಿಂದೆ ಕಟ್ಟಿದರೆ ಹರಳು ಬೆಳೆಯುವ ಒತ್ತಡಕ್ಕೆ ಪದರವೇ ಕಿತ್ತು ಬರುತ್ತದೆ, ಕಲ್ಲಿನ ಮೈ ಪುಡಿಪುಡಿಯಾಗುತ್ತದೆ. ಹೊರಗೆ ಕಾಣುವ ಉಪ್ಪಿಗಿಂತ ಒಳಗೆ ಸಿಕ್ಕಿಕೊಂಡ ಉಪ್ಪಿಗೆ ಹೆಚ್ಚು ಹೆದರಬೇಕು.

ಕರಾವಳಿಯವರು ಇನ್ನೊಂದು ಸಂಗತಿ ತಿಳಿದಿರಬೇಕು. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಶೇ. 33ರಷ್ಟು ಆರ್ದ್ರತೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿ ಶೇ. 75ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಹಾಗಾಗಿ ಒಂದು ಹನಿ ಮಳೆ ತಾಗದ ಒಳಗೋಡೆಯೂ ಆಷಾಢದಲ್ಲಿ ಒದ್ದೆಯಾಗುತ್ತದೆ. ಡಿಸೆಂಬರಿನಲ್ಲಿ ಮೂಡಗಾಳಿ ಬೀಸಿದಾಗ ಅದೇ ಉಪ್ಪು ಮತ್ತೆ ಹರಳಾಗುತ್ತದೆ. ಕರಗು, ಹರಳಾಗು, ಮತ್ತೆ ಕರಗು: ಪ್ರತಿ ಸುತ್ತಿಗೂ ಪ್ಲಾಸ್ಟರ್ ಇನ್ನಷ್ಟು ಸಡಿಲ. ಬರೀ ನೀರಿನ ಮೂಲ ನಿಲ್ಲಿಸಿ ಉಪ್ಪು ತುಂಬಿದ ಪ್ಲಾಸ್ಟರನ್ನು ಹಾಗೇ ಬಿಟ್ಟ ಮನೆಗಳಲ್ಲಿ ತೊಂದರೆ ಮುಂದುವರಿಯುವುದಕ್ಕೆ ಕಾರಣ ಇದೇ.

ಯಾವ ತಿಂಗಳಲ್ಲಿ ಯಾವ ಕೆಲಸ

ಚೌತಿಗೆ ಮೊದಲು ಮನೆಗೆ ಬಣ್ಣ ಬಳಿಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಗೋಡೆಯ ದೃಷ್ಟಿಯಿಂದ ಅದು ವರ್ಷದಲ್ಲೇ ಕೆಟ್ಟ ಸಮಯ, ಏಕೆಂದರೆ ಆಗ ಗೋಡೆ ಪೂರ್ತಿ ನೀರು ಕುಡಿದಿರುತ್ತದೆ. ಹಬ್ಬಕ್ಕೆ ಬಣ್ಣ ಬೇಕೇ ಬೇಕೆಂದರೆ ಉಪ್ಪು ಬಂದ ಗೋಡೆಗೆ ಸುಣ್ಣ ಮಾತ್ರ ಬಳಿಯಿರಿ.

ಪರಿಶೀಲನೆಗೆ ಜುಲೈ-ಆಗಸ್ಟ್ ಒಳ್ಳೆಯದು, ನೀರಿನ ದಾರಿ ಕಣ್ಣಿಗೆ ಕಾಣುತ್ತದೆ. ಅಕ್ಟೋಬರ್ ಕೊನೆಗೆ ಮಳೆ ಹಿಂದೆ ಸರಿದ ಮೇಲೆ ಹೊರಗಿನ ಅಗೆತ ಮತ್ತು ಚರಂಡಿ. ನವೆಂಬರ್ ಕೊನೆಯೊಳಗೆ ಹಳೆ ಪ್ಲಾಸ್ಟರ್ ತೆಗೆಯುವುದು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಉಪ್ಪು ಹೀರುವ ಲೇಪ. ಮಾರ್ಚ್‌ನಲ್ಲಿ ಹೊಸ ಪ್ಲಾಸ್ಟರ್, ಏಪ್ರಿಲ್-ಮೇನಲ್ಲಿ ಸುಣ್ಣ.

ಬೇಕಾಗುವ ಸಾಮಾನು

ಹತ್ತಡಿ ಉದ್ದ, ನಾಲ್ಕಡಿ ಎತ್ತರದ ಗೋಡೆಯ ಭಾಗಕ್ಕೆ ಲೆಕ್ಕ ಹೀಗಿದೆ. ಅಷ್ಟು ಜಾಗ ಸುಮಾರು 3.7 ಚದರ ಮೀಟರ್ ಆಗುತ್ತದೆ.

ಉಪ್ಪು ಹೀರುವ ಲೇಪಕ್ಕೆ, ಪ್ರತಿ ಸಲ: ಹಳೆ ಪತ್ರಿಕೆಯ ಕಾಗದ ಸುಮಾರು 4 ಕೆ.ಜಿ., ಚೀನಾ ಮಣ್ಣು ಅಂದರೆ ಪಾತ್ರೆ ಮಾಡುವ ನುಣುಪಾದ ಬಿಳಿ ಜೇಡಿ 20ರಿಂದ 25 ಲೀಟರ್, ತೊಳೆದು ಒಣಗಿಸಿದ ನದಿ ರೇತಿ ಅಷ್ಟೇ ಲೀಟರ್. ಹೊಸ ಪ್ಲಾಸ್ಟರಿಗೆ: ನೆನೆದ ಸುಣ್ಣದ ಗಟ್ಟಿ ಮುದ್ದೆ ಸುಮಾರು 35 ಲೀಟರ್, ರೇತಿ ಸುಮಾರು 100 ಲೀಟರ್. ಇವುಗಳ ಜೊತೆಗೆ ನಾರಿನ ಅಥವಾ ನೈಲಾನ್ ಬ್ರಷ್, ಉಳಿ, ಸುತ್ತಿಗೆ, ಹಳೆ ಪ್ಲಾಸ್ಟಿಕ್ ಹಾಳೆ, ಧೂಳಿನ ಮಾಸ್ಕ್, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಕೈಗವಸು. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದನ್ನು ತಪ್ಪದೆ ಇಟ್ಟುಕೊಳ್ಳಿ. ಪೆನ್ನಿನ ಗಾತ್ರದ್ದು ಸಾಕು.

1. ಬಿಳಿ ಬಂದಿದ್ದು ಏನೆಂದು ಖಚಿತ ಮಾಡಿಕೊಳ್ಳಿ

ಬಿಳಿ ಕಂಡದ್ದೆಲ್ಲ ಉಪ್ಪಲ್ಲ. ಸ್ವಲ್ಪ ಕೆರೆದು ಒಂದು ಲೋಟ ನೀರಿಗೆ ಹಾಕಿ. ಕರಗಿದರೆ ಉಪ್ಪು. ಕರಗದೆ ಜುಂಗಿನಂತೆ ತೇಲಿದರೆ ಬೂಷ್ಟು, ಅದಕ್ಕೆ ಗಾಳಿ-ಬೆಳಕಿನ ಉಪಚಾರವೇ ಬೇರೆ. ಕರಗದೆ ತಳಕ್ಕೆ ಕೂತರೆ ಅದರ ಮೇಲೆ ವಿನೆಗರ್ ಹನಿಸಿ. ಗುಳ್ಳೆ ಎದ್ದರೆ ಅದು ಸುಣ್ಣದ ಕಾರ್ಬೋನೇಟ್, ಸಿಮೆಂಟಿನಿಂದ ಅಥವಾ ಹಳೆ ಸುಣ್ಣದಿಂದ ಇಳಿದದ್ದು. ಟೆರೇಸಿನ ಕೆಳಗೆ, ಸಿಮೆಂಟ್ ಸಂದಿಗಳ ಕೆಳಗೆ ಗಟ್ಟಿ ಬಿಳಿ ಗೆರೆಯಾಗಿ ಕಾಣುವುದು ಹೆಚ್ಚಾಗಿ ಇದೇ. ಅಲ್ಲಿ ನೀರು ಮೇಲಿನಿಂದ ಸೋರುತ್ತಿದೆ ಎಂದರ್ಥ. ನಾಲಿಗೆಗೆ ಇಟ್ಟು ರುಚಿ ನೋಡಬೇಡಿ, ಕೊಟ್ಟಿಗೆ-ಶೌಚದ ಬದಿಯ ಗೋಡೆಯಲ್ಲಿ ಏನಿರುತ್ತದೆಂದು ಹೇಳಲಾಗದು.

ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ಬೇಸಿಗೆಯಲ್ಲಿ ಗೋಡೆಯಿಂದ ಕೆರೆದು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟ ಪುಡಿಯನ್ನು ಜುಲೈ ತಿಂಗಳಲ್ಲಿ ಸ್ಟೀಲ್ ತಟ್ಟೆಗೆ ಹಾಕಿ ಕೋಣೆಯಲ್ಲಿ ತೆರೆದಿಡಿ. ಮರುದಿನದ ಹೊತ್ತಿಗೆ ಪುಡಿ ಒದ್ದೆಯಾಗಿ ಹನಿಗಟ್ಟಿದರೆ ಅದರಲ್ಲಿ ಕ್ಲೋರೈಡ್ ಅಥವಾ ನೈಟ್ರೇಟ್ ಇದೆ, ಗೋಡೆ ಗಾಳಿಯಿಂದಲೂ ನೀರು ಕುಡಿಯುತ್ತದೆ. ಅಂಥ ಗೋಡೆಗೆ 5 ಮತ್ತು 6ನೇ ಹಂತ ಬಿಡುವಂತಿಲ್ಲ.

2. ನೀರು ಮತ್ತು ಉಪ್ಪು ಎಲ್ಲಿಂದ ಬಂದವು

ಕಲೆಯ ಆಕಾರವನ್ನೇ ಮೊದಲು ಓದಿ. ನೆಲದಿಂದ ಎದ್ದು ಸರಿಸುಮಾರು ಒಂದೇ ಎತ್ತರದಲ್ಲಿ ಅಲೆಯಂಥ ಗೆರೆಯಾಗಿ ನಿಂತಿದ್ದರೆ ನೆಲದ ತೇವ. ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಇಳಿದಿದ್ದರೆ ಕಿಟಕಿ ಹಲಗೆಯ ಸೋರಿಕೆ. ಪಡುವಣ ಗೋಡೆಯಿಡೀ, ಮೇಲೆ-ಕೆಳಗೆ ಎನ್ನದೆ ಹರಡಿದ್ದರೆ ಕಡಲ ಗಾಳಿ ತಂದ ಉಪ್ಪು ಮತ್ತು ಬಡಿವ ಮಳೆ. ದುಂಡಗೆ ಒಂದೇ ಕಡೆ ಇದ್ದರೆ ಒಳಗೆ ಹೋದ ಪೈಪು ನೋಡಿ. ಬಚ್ಚಲು, ಒರಳುಕಲ್ಲಿನ ಜಾಗ, ಆರ್‌ಒ ಯಂತ್ರದ ಬಿಡುನೀರು ಹೋಗುವ ಕೊಳವೆ ಇವು ಮರೆತುಹೋಗುವ ಮೂಲಗಳು. ಆರ್‌ಒ ಬಿಡುನೀರಿನಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ಅದು ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ದಿನವೂ ಉಪ್ಪು ಉಣಿಸಿದಂತೆಯೇ.

ಗೊತ್ತಾಗದಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕೂ ಅಂಚಿಗೆ ಟೇಪ್ ಬಿಗಿಯಿರಿ. ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ನೀರು ಕಟ್ಟಿದರೆ ತೇವ ಒಳಗಿನಿಂದ ಬರುತ್ತಿದೆ. ಕೋಣೆಯ ಕಡೆ ನೀರು ಕಟ್ಟಿದರೆ ಗಾಳಿಯ ತೇವ ತಂಪು ಗೋಡೆಗೆ ತಾಗಿ ಹನಿಯಾಗುತ್ತಿದೆ. ಫ್ಯಾನು, ಕಿಟಕಿ, ಅಡುಗೆಮನೆಯ ಹೊಗೆಗಿಂಡಿ ಕಡೆ ಗಮನ ಕೊಡಿ. ಟೇಪ್ ಹಿಡಿಯದಷ್ಟು ಪುಡಿ ಇದ್ದರೆ ಆ ಜಾಗವನ್ನು ಮೊದಲು ಒಣ ಬ್ರಷ್‌ನಿಂದ ಉಜ್ಜಿಕೊಳ್ಳಿ.

ಉಪ್ಪಿನ ಮೂಲವೂ ಊರಿಂದ ಊರಿಗೆ ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆ ಹತ್ತಿರ, ಗಜನಿಯ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ, ಅಂಚಿನಲ್ಲಿ ಕಟ್ಟಿದ ಮನೆಗಳಲ್ಲಿ ನೆಲದ ನೀರೇ ಉಪ್ಪು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವುದು ಅಘನಾಶಿನಿ ಅಳಿವೆಯ ನೀರಿನಿಂದ. ಇನ್ನು ಕೆಲವು ಮನೆಗಳಲ್ಲಿ ಕಟ್ಟುವಾಗಲೇ ಉಪ್ಪು ಸೇರಿರುತ್ತದೆ: ಕಡಲ ದಂಡೆಯ ಅಥವಾ ಅಳಿವೆಯ ರೇತಿ, ಮೇ ತಿಂಗಳಲ್ಲಿ ಸವುಳಾದ ಬಾವಿಯ ನೀರು. ಲೆಕ್ಕ ನೋಡಿ. ಟಿಡಿಎಸ್ 2000 ತೋರಿಸುವ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 2 ಗ್ರಾಂ ಲವಣ. ದಿನಕ್ಕೆ 20 ಲೀಟರಿನಂತೆ ಏಳು ದಿನ ಒಂದು ಗೋಡೆಗೆ ನೀರುಣಿಸಿದರೆ 280 ಗ್ರಾಂ. ಅದರಲ್ಲಿ ಅರ್ಧ ಹರಿದುಹೋದರೂ ಉಳಿದದ್ದು ಗೋಡೆಯಲ್ಲೇ.

ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ ಕಡೆ ಕಡಲ ಉಪ್ಪಿನ ಮಾತಿಲ್ಲ. ಅಲ್ಲಿ ನೋಡಬೇಕಾದ್ದು ಕೊಟ್ಟಿಗೆಗೆ ತಾಗಿದ ಗೋಡೆ. ಗಂಜಲ ನೆಲಕ್ಕಿಳಿದು ನೈಟ್ರೇಟ್ ಆಗುತ್ತದೆ. ಹಿಂದೆ ನೈಟ್ರೇಟ್ ಲವಣವಾದ ಪೆಟ್ಲುಪ್ಪು ತೆಗೆಯುತ್ತಿದ್ದುದು ಇಂಥ ಮಣ್ಣಿನಿಂದಲೇ. ಗೊಬ್ಬರದ ಚೀಲ ಒರಗಿಸಿಟ್ಟ ಗೋಡೆ, ಉಪ್ಪಿನ ಮರಿಗೆ, ಅಪ್ಪೆಮಿಡಿಯ ಭರಣಿ ವರ್ಷಗಟ್ಟಲೆ ಕೂತ ಮೂಲೆ ಇವೂ ಉಪ್ಪು ಹಿಡಿಯುತ್ತವೆ. ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಟ್ಟರೆ ಅರ್ಧ ಕೆಲಸ ಆಯಿತು.

3. ನೀರಿನ ದಾರಿ ಕಡಿಯಿರಿ

ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿರಬೇಕು. ಹಳೆ ಮನೆ ಕಟ್ಟಿದಾಗ ಪಂಚಾಂಗ, ಅಂದರೆ ಗೋಡೆಯ ಬುಡದ ಕಟ್ಟೆ, ಎತ್ತರದಲ್ಲೇ ಇತ್ತು. ರಸ್ತೆ ಏರಿತು, ಅಂಗಳಕ್ಕೆ ಮಣ್ಣು ಬಿತ್ತು, ಮೇಲೆ ಇಂಟರ್‌ಲಾಕ್ ಹಾಸಾಯಿತು, ಪಂಚಾಂಗ ಹೂತುಹೋಯಿತು. ಅಂಗಳ ತಗ್ಗಿಸಲು ಆಗುವುದಾದರೆ ತಗ್ಗಿಸಿ. ಯಾವ ಇಂಜೆಕ್ಷನ್, ಯಾವ ಕೆಮಿಕಲ್ಲಿಗಿಂತಲೂ ಇದರಿಂದ ಸಿಗುವ ಫಲ ಹೆಚ್ಚು. ಗೋಡೆಗೆ ತಾಗಿದ ಒಂದಡಿ ಪಟ್ಟಿಯಲ್ಲಿ ಇಂಟರ್‌ಲಾಕ್ ಅಥವಾ ಕಾಂಕ್ರೀಟ್ ಇದ್ದರೆ ಅದನ್ನು ತೆಗೆಯಿರಿ. ಮುಚ್ಚಿದ ಅಂಗಳದ ಅಡಿಯ ತೇವಕ್ಕೆ ಹೊರಹೋಗಲು ಗೋಡೆಯೊಂದೇ ದಾರಿ ಉಳಿಯುತ್ತದೆ.

ತಗ್ಗಿಸಲು ಆಗದ ಕಡೆ ಜಲ್ಲಿ ಚರಂಡಿ ಮಾಡಿ. ಗೋಡೆಯ ಉದ್ದಕ್ಕೂ ಒಂದಡಿ ಅಗಲ, ಒಂದೂವರೆ ಅಡಿ ಆಳ ಅಗೆದು, ತಳಕ್ಕೆ 100 ಅಡಿಗೆ ಒಂದಡಿಯಂತೆ ಇಳಿಜಾರು ಕೊಟ್ಟು, ಮಣ್ಣು ತಡೆಯುವ ಬಟ್ಟೆ ಹಾಸಿ, ತೂತಿನ 4 ಇಂಚಿನ ಪೈಪು ಮಲಗಿಸಿ, 20ರಿಂದ 40 ಮಿ.ಮೀ. ಜಲ್ಲಿ ತುಂಬಿ. ಪೈಪಿನ ತುದಿ ತಗ್ಗಿನ ತೋಟಕ್ಕೋ ಕಾಲುವೆಗೋ ಬಿಡಲೇಬೇಕು. ತುದಿ ಇಲ್ಲದ ಚರಂಡಿ ಗೋಡೆಯ ಬುಡದ ಹೊಂಡವೇ ಸರಿ. ಅಡಿಪಾಯದ ತಳಕ್ಕಿಂತ ಆಳಕ್ಕೆ ಎಂದೂ ಹೋಗಬೇಡಿ. ಇಡೀ ಗೋಡೆಯ ಬುಡವನ್ನು ಒಮ್ಮೆಲೇ ಬಿಡಿಸದೆ ಐದೈದು ಅಡಿಯಂತೆ ಅಗೆದು ತುಂಬುತ್ತ ಹೋಗಿ.

ಮಾಡಿನ ಸೂರು ಗೋಡೆಯಿಂದ ಎರಡು-ಮೂರಡಿಯಾದರೂ ಹೊರಚಾಚಬೇಕು, ಸೂರಿಗೆ ಮಳೆನೀರು ಹಿಡಿದು ಸಾಗಿಸುವ ದೋಣಿ ಬೇಕು. ಸೂರುನೀರು ನೆಲಕ್ಕೆ ಬಡಿದು ಸಿಡಿದರೆ ಗೋಡೆಯ ಬುಡದ ಒಂದಡಿ ಯಾವಾಗಲೂ ಒದ್ದೆ. ಪಡುವಣ ಗೋಡೆಗೆ ಮಳೆಗಾಲದಲ್ಲಿ ಸೋಗೆಯದೋ ಮಡಲಿನದೋ ತಟ್ಟಿ ಕಟ್ಟುತ್ತಿದ್ದ ಪದ್ಧತಿ ಇಂದಿಗೂ ಸರಿಯಾದ ಪದ್ಧತಿ. ತಗಡಿನದು ಕಟ್ಟಿದರೂ ಆಗುತ್ತದೆ, ಗೋಡೆಗೂ ತಗಡಿಗೂ ನಡುವೆ ಕೈ ತೂರುವಷ್ಟು ಗಾಳಿಯ ಜಾಗ ಬಿಡಿ.

ಪಂಚಾಂಗದ ಮೇಲೆ ಹಾಕುವ ತೇವ ತಡೆಯುವ ಕಾಂಕ್ರೀಟ್ ಪದರಕ್ಕೆ ಡಿಪಿಸಿ ಎನ್ನುತ್ತಾರೆ. ಹಳೆ ಮನೆಗಳಲ್ಲಿ ಅದು ಇರುವುದಿಲ್ಲ. ತೂತು ಕೊರೆದು ನೀರು ತಳ್ಳುವ ಸಿಲೇನ್ ಕ್ರೀಮ್ ತುಂಬಿ ಡಿಪಿಸಿ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಇಟ್ಟಿಗೆ ಗೋಡೆಯಲ್ಲಿ ಅದು ಕೆಲಸ ಮಾಡುತ್ತದೆ. ಚಿರೆಕಲ್ಲಿನಲ್ಲಿ ದೊಡ್ಡ ದೊಡ್ಡ ಟೊಳ್ಳುಗಳಿರುವುದರಿಂದ ಕ್ರೀಮ್ ಒಂದೇ ಪಟ್ಟಿಯಾಗಿ ಹರಡುವ ಭರವಸೆ ಕಡಿಮೆ. ಮಾಡಿಸುವುದೇ ಆದರೆ ಕಲ್ಲಿಗೆ ಕೊರೆಯದೆ ಕಲ್ಲುಗಳ ನಡುವಿನ ಅಡ್ಡ ಗಾರೆ ಸಂದಿಯಲ್ಲಿ, ಹೊರನೆಲದಿಂದ 15 ಸೆಂ.ಮೀ. ಮೇಲೆ, 12 ಮಿ.ಮೀ. ತೂತು, 10ರಿಂದ 12 ಸೆಂ.ಮೀ.ಗೆ ಒಂದರಂತೆ ಇರಲಿ. ಅಂಗಳ, ಚರಂಡಿ, ಸೂರು ಸರಿಮಾಡಿ ಒಂದು ಮಳೆಗಾಲ ನೋಡುವ ಮೊದಲು ಇದಕ್ಕೆ ಹಣ ಹಾಕಬೇಡಿ.

4. ಮೇಲಿನ ಪುಡಿಯನ್ನು ಒಣಗಿದ್ದಾಗಲೇ ತೆಗೆಯಿರಿ

ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮರಳಿ ಗೋಡೆಯೊಳಗೆ ಹೋಗುತ್ತದೆ. ಕೆಲವರು ಆಸಿಡ್ ಹಾಕುತ್ತಾರೆ. ಶೌಚ ತೊಳೆಯುವ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಸಿಡ್. ಅದು ಸುಣ್ಣದ ಗಾರೆ ತಿಂದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ, ಶೇ. 30ರ ಆಸುಪಾಸಿನ ಆರ್ದ್ರತೆಯಲ್ಲೂ ನೀರು ಹೀರುವ ಲವಣವನ್ನು ಗೋಡೆಯಲ್ಲಿ ಬಿಟ್ಟುಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಅಂಥ ಗೋಡೆ ಮತ್ತೆ ಒಣಗುವುದು ಕಷ್ಟ. ಆಸಿಡ್ ಹತ್ತಿರ ತರಬೇಡಿ.

ಗೋಡೆಯ ಬುಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲಿಂದ ಕೆಳಕ್ಕೆ ನಾರಿನ ಬ್ರಷ್‌ನಿಂದ ಉಜ್ಜಿ. ತಂತಿಯ ಬ್ರಷ್ ಬೇಡ, ಚಿರೆಕಲ್ಲಿನ ಮೈ ಕೆರೆದು ತೂತು ಬಾಯಿ ತೆರೆಯುತ್ತದೆ. ಬಿದ್ದ ಪುಡಿಯನ್ನು ಅಂದೇ ಕಟ್ಟಿ ಮನೆಯಿಂದ ದೂರ ಸಾಗಿಸಿ. ಅಂಗಳಕ್ಕೆ ಗುಡಿಸಿದರೆ ಮೊದಲ ಮಳೆಗೆ ಬುಡಕ್ಕೇ ಮರಳುತ್ತದೆ, ಗಿಡಗಳಿಗೂ ಕೆಡುಕು.

ಪ್ಲಾಸ್ಟರ್ ಇಲ್ಲದ ಬರಿಗಲ್ಲಿನ ಹೊಸ ಗೋಡೆಯಾದರೆ ಇಷ್ಟಕ್ಕೇ ನಿಲ್ಲಿಸಿ. ಹೊಸ ಗೋಡೆಯಲ್ಲಿ ಮೊದಲ ಒಂದೆರಡು ಬೇಸಿಗೆ ಬಿಳಿ ಬರುವುದು ಸಹಜ. ವಾರಕ್ಕೊಮ್ಮೆ ಒಣ ಬ್ರಷ್ ಆಡಿಸುತ್ತ ಬಂದರೆ ಬಹಳ ಸಲ ಅದು ತಾನೇ ಕಡಿಮೆಯಾಗುತ್ತದೆ. ಮಿನುಗುವ ವಾರ್ನಿಷ್ ಬಳಿದು ಅದನ್ನು ಒಳಗೆ ಕೂಡಿಹಾಕಬೇಡಿ.

5. ಉಪ್ಪು ಕುಡಿದ ಪ್ಲಾಸ್ಟರ್ ತೆಗೆಯಿರಿ

ಕಲೆಯ ಮೇಲಂಚಿನ ಗೆರೆಯಲ್ಲಿ ಉಪ್ಪು ಅತಿ ಹೆಚ್ಚು ಇರುತ್ತದೆ. ಅದಕ್ಕಿಂತ ಒಂದಡಿಯಿಂದ ಒಂದೂವರೆ ಅಡಿ ಮೇಲಿನವರೆಗೆ ಪ್ಲಾಸ್ಟರ್ ಕೆಡವಿ. ಕಲೆ ಇದ್ದಷ್ಟೇ ಜಾಗ ತೇಪೆ ಹಾಕಿದರೆ ಮರುವರ್ಷ ತೇಪೆಯ ಸುತ್ತ ಉಂಗುರದಂತೆ ಉಪ್ಪು ಏಳುತ್ತದೆ. ಗವಂಡಿಗಳಿಗೆ ಇದನ್ನು ಮೊದಲೇ ಹೇಳಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಡಿ.

ಆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೇನ್ ಆಫ್ ಮಾಡದೆ ಉಳಿ ಇಡಬಾರದು. ತೇವದ ಗೋಡೆ, ಹಳೆ ವೈರಿಂಗ್ ಎರಡೂ ಸೇರಿದರೆ ಜೀವಕ್ಕೆ ಅಪಾಯ. ಹಳೆ ಪೇಂಟ್ ಕೆರೆಯುವಾಗ ಸೀಸದ ಧೂಳು ಇರಬಹುದು. ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ.

ಕಲ್ಲು ಕಂಡ ಮೇಲೆ ಸಂದಿಗಳ ಪುಡಿಗಾರೆಯನ್ನು 20ರಿಂದ 25 ಮಿ.ಮೀ. ಆಳಕ್ಕೆ ಕೆದಕಿ ತೆಗೆಯಿರಿ. ಸಿಮೆಂಟ್ ಗಟ್ಟಿಯಾಗಿ ಹಿಡಿದಿರುವ ಕಡೆ ಕಲ್ಲು ಒಡೆಯುವಷ್ಟು ಬಲ ಹಾಕಬೇಡಿ. ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾದ ಕಲ್ಲನ್ನು ಬದಲಿಸಬೇಕು. ಲಿಂಟೆಲ್ ಅಥವಾ ಕಂಬದ ಕಾಂಕ್ರೀಟ್ ಬಿರುಕಿನಿಂದ ತುಕ್ಕಿನ ನೀರು ಇಳಿದಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ ಇಂಜಿನಿಯರರನ್ನು ಕರೆಸಿ. ಕ್ಲೋರೈಡ್ ಕಬ್ಬಿಣವನ್ನು ತಿನ್ನುತ್ತಿರುವ ಲಕ್ಷಣ ಅದು, ಪ್ಲಾಸ್ಟರ್ ಕೆಲಸದಲ್ಲಿ ಮುಗಿಯುವಂಥದ್ದಲ್ಲ.

6. ಉಪ್ಪು ಹೀರುವ ಲೇಪ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಕರಾವಳಿಯ ಗೋಡೆಗೆ ಅತಿ ಮುಖ್ಯವಾದದ್ದೂ ಇದೇ. ಒದ್ದೆ ಲೇಪದ ನೀರು ಗೋಡೆಯೊಳಗೆ ಹೋಗಿ ಉಪ್ಪನ್ನು ಕರಗಿಸುತ್ತದೆ. ಲೇಪ ಹೊರಮೈಯಿಂದ ಒಣಗುತ್ತ ಬಂದಂತೆ ಆ ಉಪ್ಪುನೀರು ಲೇಪದೊಳಕ್ಕೆ ಎಳೆದುಕೊಳ್ಳಲ್ಪಟ್ಟು ಅಲ್ಲೇ ಹರಳಾಗುತ್ತದೆ. ಲೇಪ ಕಿತ್ತರೆ ಉಪ್ಪೂ ಹೋಯಿತು.

ಕಾಗದವನ್ನು ಚೂರು ಮಾಡಿ ಎರಡು ದಿನ ನೆನೆಸಿ, ರುಬ್ಬಿ, ಹಿಂಡಿ ತಿರುಳು ಮಾಡಿ. ತಿರುಳು, ಚೀನಾ ಮಣ್ಣು, ರೇತಿ ಮೂರನ್ನೂ ಸಮ ಅಳತೆಯಲ್ಲಿ ಬೆರೆಸಿ, ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿದರೆ ಜಾರದೆ ನಿಲ್ಲುವಷ್ಟು ನೀರು ಹಾಕಿ. ಗದ್ದೆಯ ಜೇಡಿಮಣ್ಣು, ಅದರಲ್ಲೂ ಗಜನಿ ಮಣ್ಣು ಬೇಡ, ಅದರಲ್ಲೇ ಉಪ್ಪಿರುತ್ತದೆ. ನೀರು ಮಳೆಗಾಲದಲ್ಲಿ ಹಿಡಿದಿಟ್ಟದ್ದು ಅಥವಾ ಆರ್‌ಒ ನೀರು ಆಗಲಿ. ಮೀಟರಿನಲ್ಲಿ 100ರ ಒಳಗಿದ್ದರೆ ಒಳ್ಳೆಯದು. ಗೋಡೆ ಬರಿಗಲ್ಲಾಗೇ ಉಳಿಯುವುದಾದರೆ ಮಸಿ ಹತ್ತದಂತೆ ಬಿಳಿ ಟಿಶ್ಯೂ ಕಾಗದ ಬಳಸಿ.

ಗೋಡೆಗೆ ಎರಡು ಮೂರು ಸಲ ನೀರು ಸಿಂಪಡಿಸಿ, ಹರಿಯುವಷ್ಟು ಬೇಡ. ಲೇಪವನ್ನು 15 ಮಿ.ಮೀ. ದಪ್ಪಕ್ಕೆ, ಕಲ್ಲಿನ ಗುಳಿಗಳೊಳಗೆ ಹೋಗುವಂತೆ ಹೆಬ್ಬೆರಳಿನಿಂದ ಒತ್ತಿ ಹಚ್ಚಿ. ಮುಚ್ಚಬೇಡಿ. ಕಿಟಕಿ ತೆರೆದಿಡಿ, ಫ್ಯಾನ್ ಹಾಕಿದರೂ ಸರಿ. ಒಣಗಲು ಎರಡರಿಂದ ಮೂರು ವಾರ. ಹಸಿ ಇರುವಾಗಲೇ ಅಂಚು ಬಿಟ್ಟು ಎದ್ದರೆ ಆ ಭಾಗದಲ್ಲಿ ಹೀರುವುದು ನಿಂತಿದೆ ಎಂದರ್ಥ, ಕಿತ್ತು ಮತ್ತೆ ಹಚ್ಚಿ. ಪೂರ್ತಿ ಒಣಗಿದ್ದನ್ನು ಮರದ ಪಟ್ಟಿಯಿಂದ ಎಬ್ಬಿಸಿ, ನೆಲಕ್ಕೆ ಬೀಳದಂತೆ ಹಾಳೆಯಲ್ಲಿ ಹಿಡಿಯಿರಿ. ಒಮ್ಮೆ ಬಳಸಿದ ಲೇಪವನ್ನು ನೆನೆಸಿ ಮತ್ತೆ ಬಳಸಬಾರದು.

ಎಷ್ಟು ಸಲ ಹಚ್ಚಬೇಕು ಎಂಬುದನ್ನು ಊಹಿಸಬೇಕಿಲ್ಲ, ಅಳೆಯಬಹುದು. ಮೊದಲು, ಗೋಡೆಗೆ ಹಚ್ಚದೆ ಒಣಗಿಸಿದ ಹೊಸ ಲೇಪ 100 ಗ್ರಾಂ ತೂಗಿ ಒಂದು ಲೀಟರ್ ಆರ್‌ಒ ನೀರಿಗೆ ಹಾಕಿ, ಕದಡಿ, ಒಂದು ರಾತ್ರಿ ಬಿಟ್ಟು ತಿಳಿನೀರಿನ ಟಿಡಿಎಸ್ ಬರೆದಿಡಿ. ಆಮೇಲೆ ಗೋಡೆಯಿಂದ ಕಿತ್ತ ಲೇಪಕ್ಕೂ ಹಾಗೆಯೇ ಮಾಡಿ, ಮಾದರಿಯನ್ನು ಪ್ರತಿ ಸಲ ಅದೇ ಎತ್ತರದಿಂದ ತೆಗೆಯಿರಿ. ಎರಡರ ವ್ಯತ್ಯಾಸವೇ ಗೋಡೆಯಿಂದ ಹೊರಬಂದ ಉಪ್ಪು. ಎರಡನೆಯ, ಮೂರನೆಯ ಲೇಪಕ್ಕೆ ಈ ವ್ಯತ್ಯಾಸ ಇಳಿಯುತ್ತ ಹೋಗಬೇಕು. ಮೊದಲ ಸಲದ್ದರ ಕಾಲುಭಾಗಕ್ಕೆ ಬಂದರೆ ನಿಲ್ಲಿಸಬಹುದು. ಮೂರು ಸಲವಾದರೂ ಇಳಿಯದಿದ್ದರೆ ಉಪ್ಪು ಇನ್ನೂ ಒಳಬರುತ್ತಿದೆ, 3ನೇ ಹಂತಕ್ಕೆ ಮರಳಿ.

7. ಹೊಸ ಪ್ಲಾಸ್ಟರ್

1:3 ಸಿಮೆಂಟ್ ಪ್ಲಾಸ್ಟರಿಗೆ ವಾಟರ್‌ಪ್ರೂಫ್ ದ್ರಾವಣ ಬೆರೆಸಿ ಹೊಡೆಯುವುದು ಇವತ್ತಿನ ರೂಢಿ. ಒಂದು ವರ್ಷ ಚೆನ್ನಾಗಿ ಕಾಣುತ್ತದೆ. ಆಮೇಲೆ ಒಳಗೆ ಸಿಕ್ಕಿಕೊಂಡ ತೇವ ಪ್ಲಾಸ್ಟರಿನ ಮೇಲಂಚು ದಾಟಿ ಐದಡಿಯಲ್ಲಿ ಪ್ರತ್ಯಕ್ಷವಾಗುತ್ತದೆ. ಟೈಲ್ಸ್, ಪಿವಿಸಿ ಹಲಗೆ ಹೊದಿಸಿದರೂ ಅಷ್ಟೇ, ಹಿಂದೆ ಕಲ್ಲು ಕೊಳೆಯುವುದು ಕಾಣದಂತಾಗುತ್ತದೆ, ಅಷ್ಟೇ ವ್ಯತ್ಯಾಸ. ಜಿಪ್ಸಂ ಪ್ಲಾಸ್ಟರ್, ಪಿಒಪಿ ತೇವದ ಗೋಡೆಗೆ ತಾಗಲೇಬಾರದು.

ಸುಣ್ಣ 1, ರೇತಿ 3 ಅಳತೆ. ಸುಡುಸುಣ್ಣ ತಂದು ನೀವೇ ನೆನೆಸುವುದಾದರೆ ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಸುರಿಯಬೇಡಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕ, ಕೈಗವಸು ಕಡ್ಡಾಯ, ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು ಇರಲಿ. ಜರಡಿ ಹಿಡಿದು ಕನಿಷ್ಠ ಎರಡು ವಾರ ನೀರಿನಡಿ ಇಡಿ, ತಿಂಗಳಾದರೆ ಮತ್ತೂ ಒಳ್ಳೆಯದು. ಚಿಪ್ಪಿನ ಸುಣ್ಣವೂ ನಡೆಯುತ್ತದೆ, ಸುಡುವ ಮೊದಲು ಚಿಪ್ಪನ್ನು ಸಿಹಿನೀರಿನಲ್ಲಿ ತೊಳೆದಿರಬೇಕು. ಬೇಗ ಗಟ್ಟಿಯಾಗಬೇಕಾದರೆ ಸುಣ್ಣದ ಅರ್ಧದಷ್ಟು ಸುರ್ಕಿ, ಅಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ನುಣ್ಣನೆ ಪುಡಿ, ಸೇರಿಸಿ. ಸುಣ್ಣದ ಕೆಲಸ ಬಲ್ಲ ಗವಂಡಿ ಸಿಗದಿದ್ದರೆ ಸಿಮೆಂಟ್ 1, ಸುಣ್ಣ 1, ರೇತಿ 6ರ ಮಿಶ್ರಣ ಒಪ್ಪಬಹುದಾದ ರಾಜಿ.

ರೇತಿಯನ್ನು ಪರೀಕ್ಷಿಸದೆ ಇಳಿಸಿಕೊಳ್ಳಬೇಡಿ. ಒಂದು ಲೋಟ ರೇತಿಗೆ ಎರಡು ಲೋಟ ಆರ್‌ಒ ನೀರು, ಕದಡಿ, ಒಂದು ಗಂಟೆ ಬಿಟ್ಟು ಮೀಟರ್ ಅದ್ದಿ. ನೀರಿನ ಮೂಲ ಅಂಕಿಗಿಂತ 200-300ಕ್ಕಿಂತ ಹೆಚ್ಚು ಏರಿದರೆ ಆ ರೇತಿ ತೊಳೆಯದೆ ಬಳಸುವಂಥದ್ದಲ್ಲ. ಕಲಸುವ ಮತ್ತು ನೀರುಣಿಸುವ ನೀರು 500ರ ಒಳಗಿರಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಸ್ವೀಕಾರಾರ್ಹ ಮಿತಿಯೂ ಅದೇ.

ಮೊದಲು ಕೆದಕಿದ ಸಂದಿ ತುಂಬಿ. ಅದು ಗಟ್ಟಿಯಾದ ಮೇಲೆ 12ರಿಂದ 15 ಮಿ.ಮೀ. ಒಂದು ಪದರ, ವಾರದ ಬಳಿಕ 5ರಿಂದ 6 ಮಿ.ಮೀ. ಎರಡನೆಯದು. ಮೇಲ್ಮೈಯನ್ನು ಮರದ ಪಟ್ಟಿಯಿಂದ ಮಟ್ಟ ಮಾಡಿ. ಉಕ್ಕಿನ ಕರಣೆಯಿಂದ ಗಾಜಿನಂತೆ ತಿಕ್ಕಿದರೆ ತೂತು ಮುಚ್ಚುತ್ತದೆ. ಪ್ಲಾಸ್ಟರಿನ ಕೆಳಅಂಚು ನೆಲಕ್ಕೆ ತಾಗದಂತೆ ಎರಡು ಬೆರಳಷ್ಟು ಜಾಗ ಬಿಡಿ, ಇಲ್ಲವಾದರೆ ನೆಲ ಒರೆಸಿದ ನೀರನ್ನೂ ಅದು ಹೀರುತ್ತದೆ. ಒಂದು ವಾರ ದಿನಕ್ಕೆ ಎರಡು ಮೂರು ಸಲ ನೀರಿನ ತುಂತುರು, ಒದ್ದೆ ಗೋಣಿಯ ನೆರಳು. ಪೈಪು ಹಿಡಿದು ನೀರು ಬಿಡಬಾರದು.

8. ಸುಣ್ಣ ಅಥವಾ ಬಣ್ಣ

ಪ್ಲಾಸ್ಟರ್ ಕನಿಷ್ಠ ನಾಲ್ಕು ವಾರ ಒಣಗಲಿ. ಪುಟ್ಟಿ, ಪ್ಲಾಸ್ಟಿಕ್ ಇಮಲ್ಷನ್, ಆಯಿಲ್ ಪೇಂಟ್ ಬೇಡ. ಹಾಲಿನಷ್ಟು ತೆಳುವಾಗಿ ಕಲಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಗೋಡೆಗೆ ನೀರು ಚಿಮುಕಿಸಿ, ದಿನಕ್ಕೊಂದರಂತೆ ನಾಲ್ಕೈದು ಕೈ ಬಳಿಯಿರಿ. ಒಂದೇ ದಿನ ದಪ್ಪ ಬಳಿದದ್ದು ಕೈಗೆ ಹತ್ತುತ್ತದೆ. ಸುಣ್ಣ ಹಿಡಿಯಲೆಂದು ಹಿಡಿ ಉಪ್ಪು ಹಾಕುವ ಪದ್ಧತಿ ಅನೇಕ ಕಡೆ ಇದೆ. ಈ ಗೋಡೆಗೆ ಅದನ್ನು ಮಾಡಲೇಬೇಡಿ, ಬಣ್ಣದವರು ಬರುವ ದಿನ ಪಕ್ಕದಲ್ಲೇ ನಿಂತು ನೋಡಿ. ಬಣ್ಣ ಬೇಕಿದ್ದರೆ ಕಾವಿ ಅಥವಾ ಸುಣ್ಣಕ್ಕೆ ಹೊಂದುವ ಖನಿಜ ಬಣ್ಣ ಬೆರೆಸಿ. ಹೊರಗೋಡೆಗೆ ಸಿಲಿಕೇಟ್ ಪೇಂಟ್ ಸಿಕ್ಕರೆ ಅದೂ ಉಸಿರಾಡುವ ಬಣ್ಣವೇ, ಬೆಲೆ ಮಾತ್ರ ಹೆಚ್ಚು.

ಮೊದಲ ಮಳೆಗಾಲ ಕಳೆದ ಮೇಲೆ

ಚಿರೆಕಲ್ಲಿನ ಗೋಡೆ ಒಣಗಲು ಇಂಚಿಗೊಂದು ತಿಂಗಳು ಎಂಬುದು ಒರಟು ಲೆಕ್ಕ. ಒಂಬತ್ತಿಂಚಿನ ಗೋಡೆ ಒಂದೇ ಬೇಸಿಗೆಯಲ್ಲಿ ಒಳಗಿನವರೆಗೆ ಒಣಗುವುದಿಲ್ಲ. ಆದ್ದರಿಂದ ಎರಡನೆಯ ಜನವರಿಯಲ್ಲಿ ಅಲ್ಲಲ್ಲಿ ಬಿಳಿ ಕಂಡರೆ ಗಾಬರಿ ಬೇಡ. ಆ ವರ್ಷ ಕಲೆಯ ಮೇಲಂಚಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ, ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ, ಒಂದು ಕೈ ಸುಣ್ಣ ಬಳಿಯಿರಿ. ಮರುವರ್ಷ ಬಿಳಿ ಆ ಗೆರೆಗಿಂತ ಕೆಳಗೆ ಬಂದರೆ ಗೋಡೆ ಒಣಗುತ್ತಿದೆ. ಗೆರೆ ದಾಟಿ ಮೇಲೆ ಹೋದರೆ ಜಲ್ಲಿ ಚರಂಡಿಯ ತುದಿ ಕಟ್ಟಿಕೊಂಡಿದೆಯೇ, ಬಚ್ಚಲ ಪೈಪು ಸೋರುತ್ತಿದೆಯೇ, ಅಂಗಳಕ್ಕೆ ಮತ್ತೆ ಮಣ್ಣು ಬಿದ್ದಿದೆಯೇ ಎಂದು ಆ ವಾರವೇ ನೋಡಿ.